ಕ್ಲೋಸಪ್ಪಿಗೆ ಒಬ್ಬ ವಿಧವೆ

ತಮಸ್ಲಾ ಊರಿಗೆ ಹೆಣ್ಣು ಕೇಳಲು ಬಂದವರಿಗೆ ಮೊದಲು ಪುದೀನದ ಚಹಾ ಕೊಡುತ್ತಾರೆ. ಆಮೇಲೆ ಹೆಣ್ಣಿನ ತಂದೆ ಗಂಟಲು ಸರಿಮಾಡಿಕೊಂಡು ಕೇಳುತ್ತಾನೆ: "ಹುಡುಗ ಯಾವ ಶಾಟಿನವನು?"

ಖರ್ಜೂರದ ಮರ, ಕುರಿ, ಬಾವಿಯಲ್ಲಿ ಪಾಲು, ಇವೆಲ್ಲ ಅದರ ನಂತರದ ಮಾತು. ಊರಿನ ಹಿಂದಿನ ಬೋಳು ಗುಡ್ಡಗಳು ಹೊರದೇಶದ ಸಿನಿಮಾದವರಿಗೆ ಒಂದು ವರ್ಷ ರೋಮ್ ಆಗುತ್ತವೆ, ಇನ್ನೊಂದು ವರ್ಷ ಬಾಬಿಲೋನ್ ಆಗುತ್ತವೆ, ಒಮ್ಮೆ ಚಂದ್ರಲೋಕವೂ ಆಗಿದ್ದವು. ಅಜ್ಜಂದಿರ ಕಾಲದಿಂದ ಊರಿನವರು ಆ ಸಿನಿಮಾಗಳಲ್ಲಿ ಸೈನಿಕರಾಗಿ, ಗುಲಾಮರಾಗಿ, ಹೆಣಗಳಾಗಿ ದುಡಿದಿದ್ದಾರೆ. ಹಾಗಾಗಿ ಅಕ್ಷರ ಬಾರದ ಮುದುಕಿಗೂ ಇಲ್ಲಿ ಕ್ಯಾಮೆರಾದ ಭಾಷೆ ಗೊತ್ತು. ಕ್ಯಾಮೆರಾ ನಿಂತಲ್ಲೇ ನಿಂತು ಕತ್ತು ಹೊರಳಿಸಿದರೆ ಅದು ಪ್ಯಾನ್. ತಲೆ ಎತ್ತಿದರೆ, ತಗ್ಗಿಸಿದರೆ ಟಿಲ್ಟ್. ಹಳಿಯ ಮೇಲೆ ಉರುಳಿಕೊಂಡು ಬಂದರೆ ಟ್ರಾಲಿ. ಒಂದು ಹೆಜ್ಜೆಯೂ ಇಡದೆ ದೂರದವನನ್ನು ಕೊರಳುಪಟ್ಟಿ ಹಿಡಿದು ಹತ್ತಿರಕ್ಕೆ ಎಳೆದುಕೊಂಡರೆ ಜೂಮ್. ಕೆಳಗಿನಿಂದ ತೆಗೆದರೆ ಮನುಷ್ಯ ರಾಜನಾಗುತ್ತಾನೆ, ಮೇಲಿನಿಂದ ತೆಗೆದರೆ ಗುಲಾಮನಾಗುತ್ತಾನೆ. ಅದಕ್ಕಾಗಿಯೇ ಊರಿನ ಮುಖಂಡ ತನ್ನ ಕುರ್ಚಿಯ ಕಾಲಿಗೆ ಇಟ್ಟಿಗೆ ಕೊಟ್ಟಿದ್ದಾನೆ. ಕ್ಷಮೆ ಕೇಳಲು ಹೋಗುವವರು ಅವನ ಮೆಟ್ಟಿಲ ಕೆಳಗೇ ನಿಂತು ಮುಖ ಮೇಲೆತ್ತುತ್ತಾರೆ. ಜಗಳದಲ್ಲಿ ಹೆಂಗಸರು ಆಡುವ ಬೈಗುಳವೂ ಅದೇ ಜಾತಿಯದು: "ಹೋಗೇ, ನಿಮ್ಮಪ್ಪ ಬದುಕಿದ್ದಷ್ಟು ದಿನವೂ ಔಟ್ ಆಫ್ ಫೋಕಸ್!"

ಗಂಡಸರ ಅಂತಸ್ತು ತಿಳಿಯಬೇಕಾದರೆ ಅಲ್ಲಾಲನ ಚಹಾದಂಗಡಿಗೆ ಹೋಗಬೇಕು. ಬಾಗಿಲ ಬಳಿಯ ಕುರ್ಚಿಗಳು ಪರದೆಯ ತುಂಬ ಮುಖ ಕಂಡ ಕ್ಲೋಸಪ್ಪಿನವರಿಗೆ. ನಡುವಿನ ಬೆಂಚು ಮಿಡ್ ಶಾಟಿನವರಿಗೆ, ಅಂದರೆ ಸೊಂಟದಿಂದ ಮೇಲೆ ಕಂಡವರಿಗೆ. ಲಾಂಗ್ ಶಾಟಿನವರು, ಇರುವೆ ಸಾಲಿನ ಹಾಗೆ ದೂರದಲ್ಲಿ ಕಂಡವರು, ಹಿಂದೆ ನೀರಿನ ಗಡಿಗೆಯ ಪಕ್ಕ ಕೂರಬೇಕು. ಅಂಗಡಿಯ ಯಜಮಾನ ಅಲ್ಲಾಲನ ಎಡಗಿವಿ ಮಾತ್ರ ಯಾರಿಗೂ ಸಿಗದ ಭಾಗ್ಯ ಕಂಡಿತ್ತು. ಯಾವುದೋ ಸಿನಿಮಾದಲ್ಲಿ ಒಬ್ಬ ರೋಮನ್ ಸೇನಾಧಿಪತಿ ಆ ಕಿವಿಯಲ್ಲಿ ಒಳಸಂಚು ಉಸುರಿದ್ದ. ಕಿವಿ ಪರದೆಯ ತುಂಬ ನಿಂತಿತ್ತು. ಅಂದಿನಿಂದ ಅಲ್ಲಾಲ್ ಬೀದಿಗೆ ಎಡಗಿವಿ ಕಾಣುವಂತೆಯೇ ಕೂರುತ್ತಾನೆ. ಶಾಟಿನ ವ್ಯಾಜ್ಯ ಬಂದರೆ ಅವನು ಹೇಳಿದ್ದೇ ತೀರ್ಪು.

ಯಾಮ್ನಾ ಈ ಊರಿನ ಸೊಸೆ. ಅವಳ ಭಾವ ಲಹ್ಸೆನ್ ನಡುಬೆಂಚಿಗೂ ನೀರಿನ ಗಡಿಗೆಗೂ ನಡುವೆ ಎಲ್ಲೋ ಕೂರುವವನು. ಅವನ ಹಣೆಯಲ್ಲಿ ಬರೆದದ್ದು ಬರೀ ಪ್ಯಾನ್. ಕ್ಯಾಮೆರಾ ಪ್ರತಿ ಸಲವೂ ಅವನ ಮುಖದ ಮೇಲೆ ಹಾದು, ಪಕ್ಕದ ಒಂಟೆಯ ಹತ್ತಿರ ಹೋಗಿ ನಿಲ್ಲುತ್ತಿತ್ತು. ಅವನ ತಮ್ಮ ಅದ್ದಿ, ಯಾಮ್ನಾಳ ಗಂಡ, ಯಾವ ಕುರ್ಚಿಗೂ ಸೇರಿದವನಲ್ಲ. ಅವನು ಟ್ರಾಲಿ ತಳ್ಳುತ್ತಿದ್ದ. ಕ್ಯಾಮೆರಾದ ಹಿಂದೆ ಇರುವವನು ಯಾವ ಶಾಟಿನಲ್ಲೂ ಇರುವುದಿಲ್ಲವಾದ್ದರಿಂದ ಅಲ್ಲಾಲನ ಅಂಗಡಿಯಲ್ಲಿ ಅವನು ನಿಂತುಕೊಂಡೇ ಚಹಾ ಕುಡಿದು ಬರುತ್ತಿದ್ದ. ಚಳಿಗಾಲದಲ್ಲಿ ಹಳಿ ಸಾಗಿಸುತ್ತಿದ್ದ ಲಾರಿ ಘಾಟಿಯಲ್ಲಿ ಉರುಳಿ ಅವನು ಸತ್ತ.

ಯಾಮ್ನಾ ಬಿಳಿ ಉಟ್ಟಳು. ಅವರಲ್ಲಿ ವಿಧವೆಯ ಬಣ್ಣ ಬಿಳಿ. ಗಂಡ ಸತ್ತವಳು ಮನೆಯೊಳಗೇ ಕಳೆಯುವ ನಾಲ್ಕು ತಿಂಗಳು ಹತ್ತು ದಿನದ ಇದ್ದತ್ ಮುಗಿಯುವವರೆಗೂ ಬಿಳಿ ಬಿಟ್ಟು ಬೇರೆ ಮೈಗೆ ತಾಗುವುದಿಲ್ಲ. ಅದು ಮುಗಿಯಲು ಇನ್ನೂ ಕೆಲವು ವಾರ ಇತ್ತು. ಅವಳು ಮಾಳಿಗೆಯ ಮೇಲಿನ ಕೋಣೆಯಲ್ಲಿ ಕೂತಿರುತ್ತಿದ್ದಳು. ಮದುವೆಗೆ ಮೊದಲು ಅದ್ದಿಯೇ ಮಣ್ಣು ಕಲಸಿ ಕಟ್ಟಿದ ಕೋಣೆ ಅದು. ಗೋಡೆಯ ಮೇಲೆ ಅವನ ಬೆರಳುಗಳು ಎಳೆದ ಗೆರೆಗಳು ಹಾಗೇ ಇದ್ದವು. ಅವಳು ಅತ್ತಿರಲಿಲ್ಲ. ಹೆಣ ಬಂದ ದಿನವೂ ಇಲ್ಲ, ಆಮೇಲೂ ಇಲ್ಲ. ಸಂತಾಪ ಹೇಳಲು ಅಲ್ಲಿನ ಪದ್ಧತಿಯಂತೆ ಸಕ್ಕರೆ ಅಚ್ಚು ಹೊತ್ತು ಬಂದ ಹೆಂಗಸರು ಅವಳ ಕಣ್ಣನ್ನು ಒಂದು ಸುತ್ತು ನೋಡಿ, ಕೆಳಗಿಳಿಯುತ್ತಾ ಮೆಟ್ಟಿಲ ಮೇಲೇ ಪಿಸುಗುಟ್ಟುತ್ತಿದ್ದರು. ಅವರ ಪಿಸುಮಾತು ಅವಳಿಗೆ ಕೇಳುತ್ತಿತ್ತು. ಕೇಳಿದ್ದು ಎಲ್ಲಿಗೂ ಇಳಿಯುತ್ತಿರಲಿಲ್ಲ.

ಆ ವಸಂತದಲ್ಲಿ ಹೊಸ ಸಿನಿಮಾ ಬಂತು. ಲಹ್ಸೆನ್ ಒಂದು ಮಧ್ಯಾಹ್ನ ಅಂಗಳಕ್ಕೆ ಓಡಿ ಬಂದ. ಅವನ ಹೆಂಡತಿ ರುಕಿಯಾ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಯಾಮ್ನಾ ಗೋಡೆಗೊರಗಿ ಕಾಳು ಆರಿಸುತ್ತಿದ್ದಳು.

"ಸಿಕ್ತು ಕಣೇ! ಕ್ಲೋಸಪ್ ಸಿಕ್ತು!"

"ನಿಮಗಾ? ಒಂಟೆ ಸತ್ತುಹೋಯ್ತಾ?" ಅಂದಳು ರುಕಿಯಾ.

"ನಮ್ಮನೆಗೆ ಸಿಕ್ತು ಅಂದೆ. ಕಾಸಾಬ್ಲಾಂಕಾದಿಂದ ಒಬ್ಬ ಮೇಡಂ ಬಂದವ್ರೆ, ಕೆನ್ಜಾ ಅಂತ. ನಿರ್ದೇಶಕನ ಬಲಗೈ. ಯುದ್ಧದಲ್ಲಿ ಸತ್ತ ಗಂಡನ ಹೆಣದ ಮುಂದೆ ಅಳೋಕೆ ಒಬ್ಬಳು ವಿಧವೆ ಬೇಕಂತೆ. ಟ್ರಾಲಿ ದೂರದಿಂದ ಬಂದು ಬಂದು ಮುಖದ ಮುಂದೆ ನಿಲ್ಲತ್ತಂತೆ. ಇಡೀ ಪರದೆಗೆ ಒಂದೇ ಮುಖ! ನಾನಂದೆ, ನಮ್ಮನೇಲಿ ಅಸಲಿ ಇದ್ದಾಳೆ ಅಂತ."

"ಅಸಲಿ ಅಂತೆ. ಏನು, ತುಪ್ಪ ಮಾರ್ತಿದ್ದೀರಾ?"

"ನೀನು ಬಾಯ್ಮುಚ್ಚು. ಯಾಮ್ನಾ, ನಾಡಿದ್ದು ಬೆಳಿಗ್ಗೆ ಹೊರಡಬೇಕು."

"ನಾನು ಬರಲ್ಲ ಭಾವ," ಎಂದಳು ಯಾಮ್ನಾ, ಕಾಳಿನಿಂದ ಕಣ್ಣೆತ್ತದೆ. "ಇದ್ದತ್ ಮುಗಿದಿಲ್ಲ."

"ಮಸೀದಿ ಗುರುಗಳನ್ನೂ ಕೇಳ್ಕೊಂಡೇ ಬಂದಿದೀನಿ. ಹಗಲು ಹೋಗಿ ಹಗಲೇ ಬಂದರೆ ಪರವಾಗಿಲ್ಲ ಅಂದ್ರು. ಯಾವ ಶಾಟು ಅಂತ ಕೇಳಿದ್ರು. ಕ್ಲೋಸಪ್ ಅಂದೆ. ದೇವರು ದೊಡ್ಡವನು ಅಂದ್ರು."

"ನನ್ನನ್ನ ಯಾರೂ ನೋಡೋದು ಬೇಡ."

ಲಹ್ಸೆನ್ ಅವಳ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತ. ಆಮೇಲೆ ದನಿ ತಗ್ಗಿಸಿದ. ದನಿ ತಗ್ಗಿಸಿದಾಗಲೇ ಅವನು ಕೆಟ್ಟವನು.

"ಸಿನಿಮಾದವರು ಬಟ್ಟೆಬರೆ ಇಡೋಕೆ ಒಂದು ಕೋಣೆ ಹುಡುಕ್ತಿದ್ದಾರೆ. ಮಾಳಿಗೆ ಕೋಣೆ ಗಾಳಿ ಬೆಳಕು ಚೆನ್ನಾಗಿದೆ. ಗಂಡ ಇಲ್ಲದ ಮೇಲೆ ಹೆಣ್ಣು ತವರಲ್ಲಿರೋದೇ ಮರ್ಯಾದೆ. ಯೋಚನೆ ಮಾಡು."

ತವರಲ್ಲಿ ಅಪ್ಪ ಇನ್ನೊಂದು ಮದುವೆಯಾಗಿದ್ದ. ಹೊಸ ಹೆಂಡತಿ ಯಾಮ್ನಾಳಿಗಿಂತ ಚಿಕ್ಕವಳು. ಅಲ್ಲಿ ಅವಳಿಗೆ ಅಡುಗೆಮನೆಯ ಮೂಲೆಯಾದರೂ ಸಿಗುವುದು ಅನುಮಾನವಾಗಿತ್ತು. ಅದಕ್ಕಿಂತಲೂ, ಗೋಡೆಯ ಮೇಲಿನ ಆ ಗೆರೆಗಳನ್ನು ಹೊತ್ತುಕೊಂಡು ಹೋಗಲು ಬರುವುದಿಲ್ಲ.

"ಬರ್ತೀನಿ," ಎಂದಳು. "ಬಿಳಿ ಬಿಚ್ಚಲ್ಲ."

"ಅದೇ ಬೇಕು! ಅಸಲಿ!" ಎಂದು ಲಹ್ಸೆನ್ ಚಹಾದಂಗಡಿಗೆ ಓಡಿದ. ಸಂಜೆಯೊಳಗೆ ನಡುಬೆಂಚಿನವರು ಅವನಿಗೆ ಜಾಗ ಸರಿದು ಕೊಡತೊಡಗಿದ್ದರು.

ನಾಡಿದ್ದು ಬೆಳಿಗ್ಗೆ ಗುಡ್ಡದ ಬುಡದಲ್ಲಿ ಅರ್ಧ ಊರು ಸೇರಿತ್ತು. ಜನರನ್ನು ತಡೆಯಲು ಕಟ್ಟಿದ್ದ ಹಗ್ಗದ ಆಚೆ ಸಾಲಾಗಿ ಕೂತವರಲ್ಲಿ ಅಲ್ಲಾಲನಿಗೆ ಮಾತ್ರ ಕುರ್ಚಿ. ಎಡಗಿವಿ ಕ್ಯಾಮೆರಾದ ಕಡೆಗೆ. ನಿರ್ದೇಶಕ ಇನ್ನೂ ಮೀಸೆ ಸರಿಯಾಗಿ ಬಲಿಯದ ಯುವಕ, ಕುತ್ತಿಗೆಗೆ ದುಃಖದ ಬಣ್ಣದ ಶಾಲು. ಯಾಮ್ನಾಳನ್ನು ನೋಡಿದ್ದೇ ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡ.

ಕೆನ್ಜಾ ಹತ್ತಿರ ಬಂದು ಮರ್ಯಾದೆಯಿಂದಲೇ ಕರೆದಳು. "ಲಾಲ್ಲಾ ಯಾಮ್ನಾ, ಬೇಜಾರು ಮಾಡ್ಕೋಬೇಡಿ. ಈ ಬಿಸಿಲಲ್ಲಿ ಬಿಳಿ ಬಟ್ಟೇನ ಕ್ಯಾಮೆರಾ ತಡ್ಕೊಳ್ಳಲ್ಲ. ಸುಟ್ಟುಹೋದ ಹಾಗೆ ಕಾಣತ್ತೆ. ಜೊತೆಗೆ, ವಿಧವೆ ಅಂದ್ರೆ ಕಪ್ಪು ಇರಬೇಕಂತೆ."

"ಯಾರಂದ್ರು?"

"ಅವರ ಊರಲ್ಲಿ ಹಾಗೆ."

"ಈ ಕತೆ ಅವರ ಊರಲ್ಲಿ ನಡೆಯೋದಾ?"

"ಇಲ್ಲ, ಇಲ್ಲೇ. ಎರಡು ಸಾವಿರ ವರ್ಷದ ಹಿಂದೆ." ಕೆನ್ಜಾಳಿಗೇ ನಗು ಬಂತು, ತಡೆದುಕೊಂಡಳು. "ಬಿಳಿ ಮೇಲೇ ಕಪ್ಪು ಹೊದ್ದುಕೊಳ್ಳಿ. ಬಿಚ್ಚೋದು ಬೇಡ."

ಯಾಮ್ನಾ ಕಪ್ಪು ಹೊದ್ದಳು. ಅವಳ ಮುಂದೆ ಹುಲ್ಲು ತುಂಬಿದ ಗೋಣಿಯೊಂದನ್ನು ಮಲಗಿಸಿ ಬಟ್ಟೆ ಮುಚ್ಚಿದರು. ಅದು ಗಂಡ.

ಮೊದಲು ಲಾಂಗ್ ಶಾಟ್. ಗುಡ್ಡ, ಆಕಾಶ, ನಡುವೆ ಸಾಸಿವೆ ಕಾಳಿನಷ್ಟು ಹೆಂಗಸು. ಅದು ಚೆನ್ನಾಗಿ ಬಂತು. ಆಮೇಲೆ ಟ್ರಾಲಿ ಹೊರಟಿತು. ಅದ್ದಿಯ ಜಾಗಕ್ಕೆ ಬಂದ ಹೊಸಬ ಹಳಿಯ ಪ್ರತಿ ಜೋಡಣೆಯಲ್ಲೂ ಕುಲುಕುತ್ತಿದ್ದ. ಕ್ಯಾಮೆರಾ ಯಾಮ್ನಾಳ ಸೊಂಟಕ್ಕೆ ಬಂತು, ಎದೆಗೆ ಬಂತು, ಮುಖಕ್ಕೆ ಬಂದು ನಿಂತಿತು. ಯಾಮ್ನಾ ಗೋಣಿಯನ್ನು ನೋಡಿದಳು. ಗೋಣಿ ಗೋಣಿಯಾಗಿಯೇ ಇತ್ತು.

"ಅಳಬೇಕು," ಅಂದಳು ಕೆನ್ಜಾ.

"ಬರ್ತಿಲ್ಲ."

ಮತ್ತೊಮ್ಮೆ. ಮತ್ತೂ ಒಮ್ಮೆ. ಕುತ್ತಿಗೆಯ ಬಳಿ ಬಿಳಿ ಇಣುಕಿತೆಂದು ಒಮ್ಮೆ ನಿಲ್ಲಿಸಿದರು. ಕ್ಯಾಮೆರಾ ಮುಖದಿಂದ ಪಾದಕ್ಕೆ ಟಿಲ್ಟ್ ಆದಾಗ ಅಂಚಿನಲ್ಲಿ ಬಿಳಿ ಕಂಡಿತೆಂದು ಇನ್ನೊಮ್ಮೆ ನಿಲ್ಲಿಸಿದರು. ಈರುಳ್ಳಿ ಹೆಚ್ಚಿ ಮೂಗಿನ ಹತ್ತಿರ ಹಿಡಿದರು. ಹಿಡಿದವನ ಕಣ್ಣಲ್ಲಿ ಧಾರಾಕಾರ ನೀರು. ಕಣ್ಣ ಕೆಳಗೆ ಘಾಟಿನ ಮುಲಾಮು ಸವರಿದರು. ಹಗ್ಗದ ಆಚೆಯಿಂದ ತಜ್ಞರ ಸಲಹೆ ಶುರುವಾಯಿತು.

"ಇನ್ನೂ ಹತ್ತಿರ ಹೋಗಿ, ಬರೀ ಕಣ್ಣು ತೆಗೀರಿ!"

"ಮೇಲಿಂದ ತೆಗೀರಯ್ಯ, ಮೇಲಿಂದ! ದುಃಖ ಯಾವಾಗಲೂ ಹೈ ಆ್ಯಂಗಲ್ಲು!"

"ಕ್ಯಾಮೆರಾ ಕೈಲಿ ಹಿಡ್ಕೊಂಡು ಅಲ್ಲಾಡಿಸಿ, ಅತ್ತ ಹಾಗೇ ಕಾಣತ್ತೆ!"

"ನಾವು ಅವತ್ತೇ ಹೇಳಿರಲಿಲ್ವಾ," ಎಂದಳೊಬ್ಬ ಹೆಂಗಸು, "ಗಂಡನ ಹೆಣ ಬಂದಾಗ್ಲೇ ಅಳದವಳು ಗೋಣಿಗೆ ಅಳ್ತಾಳಾ?"

ನಿರ್ದೇಶಕ ತಲೆ ಹಿಡಿದುಕೊಂಡು ಬಹಳ ಹೊತ್ತು ಏನೋ ಹೇಳಿದ. ಕೆನ್ಜಾ ಅದನ್ನು ಸಣ್ಣದು ಮಾಡಿ ಹೇಳಿದಳು: "ನಿಮ್ಮನ್ನ ನೋಡಿದ್ರೆ ಗಂಡ ಸತ್ತವಳು ಅಂತ ನಂಬೋಕೆ ಆಗ್ತಿಲ್ಲವಂತೆ."

ಯಾಮ್ನಾ ತಲೆಯಾಡಿಸಿದಳು. ಅವಳಿಗೂ ಕೆಲವು ಬೆಳಗುಗಳಲ್ಲಿ ನಂಬಲು ಆಗುತ್ತಿರಲಿಲ್ಲ.

ಲಹ್ಸೆನ್ ಹಗ್ಗ ದಾಟಿ ಬಂದು ಅವಳ ಮುಂದೆ ಬಗ್ಗಿದ. "ನನ್ನ ಮಾನ ತೆಗೀಬೇಡ. ಒಂದು ಹನಿ. ಒಂದೇ ಒಂದು ಹನಿ ಹಾಕು. ಇಲ್ಲಾಂದ್ರೆ ಸಂಜೆಗೇ ಗಂಟು ಕಟ್ಟು. ಅಲ್ಲಾಲ್ ನೋಡ್ತಿದ್ದಾನೆ."

"ಬರ್ತಿಲ್ಲ ಭಾವ. ನಾನೇನು ಮಾಡಲಿ?"

ಆಗ ಹಗ್ಗದ ಆಚೆ ರುಕಿಯಾ ಎದ್ದು ನಿಂತಳು. ಕೈಯ ಧೂಳನ್ನು ಸೊಂಟಕ್ಕೆ ಒರೆಸಿಕೊಂಡು ಬಂದಳು.

"ಏಯ್, ಸರೀರಿ ಆ ಕಡೆ. ಆ ಮಗೂನ ಯಾಕೆ ಹುರಿದು ತಿಂತಿದ್ದೀರಿ? ಕಪ್ಪು ಕೊಡಿ ಇಲ್ಲಿ. ಅಳೋದು ತಾನೆ?"

"ನಿಂಗೆ ಗಂಡ ಬದುಕಿದ್ದಾನಲ್ಲೇ!" ಅಂದ ಲಹ್ಸೆನ್.

"ಅದಕ್ಕೇ ಅಳು ಬರೋದು. ನೀವು ನಡೀರಿ."

ನಿರ್ದೇಶಕನಿಗೆ ಅವಳ ಮುಖ ಹಿಡಿಸಿತು. ದೊಡ್ಡ ಮುಖ, ಎಲ್ಲ ಭಾವವೂ ಹೊರಗೇ ತಿರುಗಾಡುವ ಮುಖ. ಆದರೆ ಗೋಣಿಯ ಮುಂದೆ ಕೂತ ರುಕಿಯಾ ಮೂಗು ಮುರಿದಳು. ಹುಲ್ಲಿನ ಮೂಟೆಗೆ ಅಳಲು ತಾನೇನು ದನವೇ? ಸರಿಯಾದ ಹೆಣ ಬೇಕು. ಯಾರು ಮಲಗುತ್ತೀರಿ ಎಂದು ಕೆನ್ಜಾ ಕೇಳುವಷ್ಟರಲ್ಲಿ ಲಹ್ಸೆನ್ ಅಂಗಿ ಕಳಚಿ ಮಲಗಿಯೇಬಿಟ್ಟಿದ್ದ. ಕ್ಲೋಸಪ್ಪಿನ ಚೌಕಟ್ಟಿನೊಳಗೆ ಹೆಣಕ್ಕೂ ಜಾಗ ಇರುತ್ತದೆ ಎಂಬುದು ಅವನಿಗೆ ಹೊಳೆದಿತ್ತು. ಅವರು ಅವನ ಮೇಲೆ, ಮುಖವೂ ಸೇರಿ, ಬಟ್ಟೆ ಹೊದಿಸಿದರು.

"ಮುಖ ಬಿಡಿ!" ಎಂದ ಹೆಣ.

"ಹೆಣ ಮಾತಾಡಬಾರದು," ಎಂದಳು ಕೆನ್ಜಾ.

ಟ್ರಾಲಿ ಹೊರಟಿತು. ರುಕಿಯಾ ಎದೆ ಬಡಿದುಕೊಂಡಳು. ಆಕಾಶಕ್ಕೆ ಕೈ ಎತ್ತಿದಳು. ಯಾರನ್ನು ನಂಬಿ ನನ್ನ ಬಿಟ್ಟುಹೋದೆ, ಹಟ್ಟಿಯ ಕುರಿ ಯಾರನ್ನು ನೋಡಿ ಕೂಗಲಿ, ಒಲೆಯ ಬೂದಿ ಯಾರ ಮೇಲೆ ಸಿಟ್ಟಾಗಿ ಚೆಲ್ಲಲಿ ಎಂದು ಹಾಡಿ ಹಾಡಿ ಅತ್ತಳು. ಕಣ್ಣೀರು ಕೆನ್ನೆಯಿಂದ ಗದ್ದಕ್ಕೆ, ಗದ್ದದಿಂದ ಹೆಣದ ಮೇಲೆ ಹನಿಯಿತು. ಮಾನಿಟರಿನ ಮುಂದೆ ನಿರ್ದೇಶಕ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡ. ಹಗ್ಗದ ಆಚೆಯ ಹೆಂಗಸರೂ ಅತ್ತರು. ಒಬ್ಬ ಮುದುಕಿ ಲಹ್ಸೆನನ ಒಳ್ಳೆಯ ಗುಣಗಳನ್ನು ನೆನೆಯತೊಡಗಿದಳು. ಬದುಕಿದ್ದಾಗ ಅವಳಿಗೆ ಅವು ಕಂಡಿರಲಿಲ್ಲ.

"ಕಟ್! ಹೆಣ ಉಸಿರಾಡ್ತಿದೆ!"

ಬಾಯಿಯ ಜಾಗದಲ್ಲಿ ಬಟ್ಟೆ ಸಣ್ಣಗೆ ಒಳಗೆ ಹೋಗುತ್ತಿತ್ತು, ಮತ್ತೆ ಉಬ್ಬುತ್ತಿತ್ತು. ಉಸಿರು ಬಿಗಿಹಿಡಿಯಲು ಹೇಳಿದರು. ಲಹ್ಸೆನ್ ಬಿಗಿಹಿಡಿದ. ಟ್ರಾಲಿ ಮುಖದ ಹತ್ತಿರ ಬರುವ ಹೊತ್ತಿಗೆ ಬಟ್ಟೆ ಮತ್ತೆ ಉಬ್ಬಿತು, ಈ ಸಲ ಇನ್ನೂ ಜೋರಾಗಿ. ಊರೆಲ್ಲ ನಕ್ಕಿತು. ಮತ್ತೆ ಮಾಡಿದರು. ಮತ್ತೆ ಬಟ್ಟೆ ಎದ್ದಿತು, ಇಳಿಯಿತು.

ಯಾಮ್ನಾ ಕ್ಯಾಮೆರಾದ ಪಕ್ಕ, ಹಳಿಯ ಕೊನೆಯಲ್ಲಿ, ಬರೀ ಬಿಳಿಯಲ್ಲಿ ನಿಂತಿದ್ದಳು. ಅವಳು ಆ ಬಟ್ಟೆಯನ್ನೇ ನೋಡುತ್ತಿದ್ದಳು. ಅಂಗಳದಲ್ಲಿ ಅದ್ದಿಯನ್ನು ಮಲಗಿಸಿದ್ದ ಬೆಳಿಗ್ಗೆ ಅವಳು ಹೀಗೆಯೇ ಬಟ್ಟೆ ನೋಡುತ್ತಾ ಕೂತಿದ್ದಳು. ಜನ ಬಂದು ಹೋದರು, ಸಕ್ಕರೆ ಅಚ್ಚು ಬಂದವು, ಬಿಸಿಲು ಗೋಡೆಯಿಂದ ಇಳಿದು ಅವನ ಕಾಲಿನ ತನಕ ಬಂತು. ಬಟ್ಟೆ ಮಾತ್ರ ಒಂದು ಎಳೆಯೂ ಅಲುಗಲಿಲ್ಲ.

ಏನೋ ಒಡೆಯಿತು. ಮೊದಲು ಅವಳಿಗೆ ಅದು ಕೆಮ್ಮು ಅನ್ನಿಸಿತು. ಒಳಗಿನಿಂದ ದನಿ ಎದ್ದು ಬಂದು ಬಾಯಿ ತೆರೆಸಿತು. ಮೂಗು, ಕಣ್ಣು, ಬಾಯಿ ಎಲ್ಲದರಿಂದ ನೀರು. ಅಳು ಚಂದವಾಗಿರಲಿಲ್ಲ. ಅದರಲ್ಲಿ ಹಾಡೂ ಇರಲಿಲ್ಲ.

ನಿರ್ದೇಶಕ ಮಾನಿಟರಿನಿಂದ ತಲೆಯೆತ್ತಿ ನೋಡಿದ. ಜಿಗಿದು ನಿಂತು ಕೂಗಿದ. ಕೆನ್ಜಾ ಅನುವಾದ ಮಾಡುವ ಅಗತ್ಯವೇ ಇರಲಿಲ್ಲ; ಹಗ್ಗದ ಆಚೆಯವರಿಗೆಲ್ಲ ಅರ್ಥವಾಗಿತ್ತು.

"ಪ್ಯಾನ್! ಈ ಕಡೆ ಪ್ಯಾನ್ ಮಾಡ್ರೋ! ಅಸಲಿ ಅಳ್ತಿದೆ!"

ಕ್ಯಾಮೆರಾ ರುಕಿಯಾಳನ್ನೂ ಲಹ್ಸೆನನನ್ನೂ ಬಿಟ್ಟು ಗಿರ್ರನೆ ಕತ್ತು ಹೊರಳಿಸಿತು. ಗಾಜಿನ ಕಪ್ಪು ಕಣ್ಣು ತನ್ನತ್ತ ತಿರುಗಿದ್ದನ್ನು ಯಾಮ್ನಾ ಕಂಡಳು. ತಲೆಯ ಮೇಲಿನ ಸೆರಗನ್ನು ಎರಡೂ ಕೈಯಲ್ಲಿ ಮುಂದಕ್ಕೆಳೆದು ಮುಖ ಮುಚ್ಚಿಕೊಂಡಳು. ನಡುಹಗಲಿನ ಬಿಸಿಲು ನೇರ ಬಿಳಿಯ ಮೇಲೆ ಬಿದ್ದಿತು.

ಮಾನಿಟರಿನಲ್ಲಿ ಏನೂ ಕಾಣಲಿಲ್ಲ. ಒಂದು ಬೆಳ್ಳಗಿನ ಉರಿ, ಅಷ್ಟೇ. ಜೂಮ್ ಮಾಡಿದರು, ಉರಿ ದೊಡ್ಡದಾಯಿತು. ಫೋಕಸ್ ತಿರುಗಿಸಿದರು, ಹಿಡಿಯಲು ಅಲ್ಲಿ ಏನೂ ಇರಲಿಲ್ಲ. ಬಟ್ಟೆ ತೆಗೆಯಲು ಹೇಳು ಎಂದು ನಿರ್ದೇಶಕ ಕೆನ್ಜಾಳ ತೋಳು ಹಿಡಿದು ಅಲ್ಲಾಡಿಸಿದ. ಕೆನ್ಜಾ ಬಂದು ಯಾಮ್ನಾಳ ಮುಂದೆ ನಿಂತಳು. ಅವಳನ್ನು ಕೇಳದೆಯೇ ನಿರ್ದೇಶಕನ ಕಡೆಗೆ ತಿರುಗಿದಳು.

"ಆಗಲ್ವಂತೆ," ಎಂದಳು, ಯಾಮ್ನಾ ಬಾಯಿ ಬಿಡುವ ಮೊದಲೇ.

ಕೊನೆಗೆ ಹೆಣದ ಮೇಲೆ ಅಲುಗದಷ್ಟು ದಪ್ಪ ಬಟ್ಟೆ ಹೇರಿ, ರುಕಿಯಾಳ ಅಳುವನ್ನೇ ಸಿನಿಮಾಕ್ಕೆ ಇಟ್ಟುಕೊಂಡರು.

ಸಂಜೆ ಅಲ್ಲಾಲನ ಅಂಗಡಿಯಲ್ಲಿ ದೊಡ್ಡ ವ್ಯಾಜ್ಯ ನಡೆಯಿತು. ಲಹ್ಸೆನ್ ಬಾಗಿಲ ಬಳಿಯ ಕುರ್ಚಿಯಲ್ಲಿ ಕೂರಲು ಹೋಗಿದ್ದ. ಕ್ಲೋಸಪ್ಪಿನ ಚೌಕಟ್ಟಿನೊಳಗೆ ಆದಿಯಿಂದ ಅಂತ್ಯದವರೆಗೂ ತಾನಿದ್ದೆ ಎಂಬುದು ಅವನ ವಾದ. ಅಲ್ಲಾಲ್ ಕಿವಿ ತುರಿಸಿಕೊಂಡು ಯೋಚಿಸಿದ.

"ಕಂಡದ್ದೇನು? ಬಟ್ಟೆ. ಬಟ್ಟೆಗೆ ಕುರ್ಚಿ ಕೊಡೋಕಾಗಲ್ಲ. ನಿನ್ನ ಹೆಂಡತಿಗೆ ಕೊಡಬಹುದಿತ್ತು, ಆದರೆ ಹೆಂಗಸರು ಅಂಗಡಿಗೆ ಬರೋ ಹಾಗಿಲ್ಲ."

"ಹಾಗಾದರೆ ಅವಳ ಪರವಾಗಿ ನಾನು ಕೂರ್ತೀನಿ."

"ನೀನು ಸತ್ತುಹೋದವನು ಕಣಪ್ಪ," ಎಂದ ಗಡಿಗೆ ಪಕ್ಕದವನೊಬ್ಬ. "ಆ ಶಾಟಲ್ಲಿ ಹೆಣ, ಈ ಶಾಟಲ್ಲಿ ಕುರ್ಚಿ ಮೇಲೆ ಅಂದ್ರೆ ಕಂಟಿನ್ಯುಯಿಟಿ ಕೆಟ್ಟುಹೋಗತ್ತೆ."

ಲಹ್ಸೆನ್ ಉರಿದುಕೊಂಡು ಮನೆಗೆ ಬಂದ. ಅಂಗಳದಲ್ಲಿ ನಿಂತು ಮಾಳಿಗೆಯತ್ತ ಕೂಗಿದ. "ಎಲ್ಲ ಅವಳಿಂದಲೇ! ಅಳಬೇಕಾದಾಗ ಅಳಲಿಲ್ಲ, ಅತ್ತಾಗ ಮುಖ ಮುಚ್ಕೊಂಡಳು! ನಾಳೆ ಬೆಳಿಗ್ಗೆ ಕೋಣೆ ಖಾಲಿ ಆಗಬೇಕು!"

ಅಡುಗೆಮನೆಯಿಂದ ರುಕಿಯಾ ಹೊರಬಂದಳು. ಅವಳ ನಡಿಗೆಯೇ ಬದಲಾಗಿತ್ತು. ಹಟ್ಟಿಯ ಕಟ್ಟೆಯ ಮೇಲೆ ಹತ್ತಿ ನಿಂತು, ಗಂಡನನ್ನು ಮೇಲಿನಿಂದ ನೋಡಿದಳು.

"ಈ ಮನೇಲಿ ಕ್ಲೋಸಪ್ಪಿನವರು ಯಾರು?"

ಲಹ್ಸೆನ್ ಕುರಿಗಳ ಕಡೆ ನೋಡಿದ.

"ಕೇಳಿದ್ದು ನಿಮ್ಮನ್ನೇ. ಯಾರು?"

"... ನೀನು."

"ನೀವು?"

"ಪ್ಯಾನು," ಎಂದ, ಬಹಳ ಸಣ್ಣ ದನಿಯಲ್ಲಿ.

"ಹಾಗಾದ್ರೆ ಕೋಣೆ ವಿಷಯ ಪ್ಯಾನಿನವರು ಮಾತಾಡೋದು ಬೇಡ. ಸಿನಿಮಾದವರ ಬಟ್ಟೆ ಇಡೋಕೆ ಕುರಿಹಟ್ಟಿ ಕೊಡಿ. ಎರಡು ಸಾವಿರ ವರ್ಷದ ಹಿಂದಿನ ಬಟ್ಟೆ ತಾನೆ, ವಾಸನೆ ಬಂದ್ರೆ ಒಳ್ಳೇದೇ."

ತಮಸ್ಲಾದಲ್ಲಿ ಗಂಡಸು ಹೆಂಡತಿಗೆ ಎದುರಾಡಬಹುದು. ಕ್ಲೋಸಪ್ಪಿಗೆ ಎದುರಾಡುವಂತಿಲ್ಲ. ಲಹ್ಸೆನ್ ಕುರಿಹಟ್ಟಿ ಗುಡಿಸಲು ಹೋದ.

ರುಕಿಯಾ ರೊಟ್ಟಿ ಮತ್ತು ಆಲಿವ್ ಎಣ್ಣೆಯ ಬಟ್ಟಲು ಹಿಡಿದು ಮಾಳಿಗೆ ಹತ್ತಿದಳು. ಯಾಮ್ನಾ ಬಾಗಿಲಲ್ಲೇ ಕೂತಿದ್ದಳು. ಕಣ್ಣು ಊದಿ ಗೆರೆಯಾಗಿತ್ತು.

"ತಿನ್ನು. ನನ್ನ ಅಳು ಹೆಂಗಿತ್ತು?"

"ಚೆನ್ನಾಗಿತ್ತು ಅಕ್ಕಾ. ಏನು ನೆನೆಸ್ಕೊಂಡೆ?"

"ಇವನು ಮತ್ತೆ ಎದ್ದು ಬರ್ತಾನಲ್ಲ ಅಂತ."

ಯಾಮ್ನಾಳಿಗೆ ನಗು ಬಂತು. ನಗು ಅರ್ಧದಲ್ಲಿ ಅಳುವಾಯಿತು, ಮತ್ತೆ ನಗುವಿನ ಕಡೆಗೆ ಹೊರಳಿತು. ರುಕಿಯಾ ಕಾದಳು.

"ನಿಂಗ್ಯಾಕೆ ಅಳು ಬಂತು? ಅಷ್ಟು ದಿನ ಇಲ್ಲದ್ದು?"

"ಭಾವನ ಮೇಲೆ ಬಟ್ಟೆ ಆಡ್ತಿತ್ತು, ಅಕ್ಕಾ. ಮೇಲೆ ಕೆಳಗೆ."

ರುಕಿಯಾ ರೊಟ್ಟಿ ಮುರಿದಳು, ಎಣ್ಣೆಯಲ್ಲಿ ಅದ್ದಿದಳು, ಯಾಮ್ನಾಳ ಕೈಗೆ ಕೊಟ್ಟಳು. ಅವಳು ಪೂರ್ತಿ ತಿನ್ನುವವರೆಗೂ ಕೂತಿದ್ದು, ಬಟ್ಟಲು ಎತ್ತಿಕೊಂಡು ಎದ್ದಳು.

"ಅಳು ಬಂದ್ರೆ ಅಳು. ಬರದಿದ್ರೆ ಬಿಡು. ಒಳಗಿಂದ ಚಿಲಕ ಹಾಕ್ಕೋ," ಎಂದು ಮೆಟ್ಟಿಲಿಳಿದಳು.